ಅಂಗಡಿಯ ಹೊರಗೊಂದು ಗಂಟು: ವರ್ತಕರ ಇಳಿಗಾಲದ ಯೋಜನೆ

ಮೈಸೂರಿಗೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಬಂದು ಬಹುಕಾಲವಾಯಿತು. ಹಿತವಾದ ಹವೆ, ಅಗಲವಾದ ರಸ್ತೆಗಳು, ಗಡಿಬಿಡಿಯಿಲ್ಲದ ಬದುಕು ಇವುಗಳಿಂದ ಆಕರ್ಷಿತರಾಗಿ ಸರ್ಕಾರಿ ಸೇವೆ, ರೈಲ್ವೆ, ಬ್ಯಾಂಕು, ವಿಶ್ವವಿದ್ಯಾನಿಲಯಗಳಿಂದ ನಿವೃತ್ತರಾದವರು ತಲೆಮಾರುಗಳಿಂದ ಇಲ್ಲಿ ನೆಲೆಸುತ್ತಾ ಬಂದಿದ್ದಾರೆ. ನೌಕರರ ಮುಂದಿನ ದಿನಗಳ ಚಿಂತನೆಯೂ ಈ ನೆಲಕ್ಕೆ ಹೊಸದಲ್ಲ. ಮೈಸೂರು ಸಂಸ್ಥಾನವು 1891ರಷ್ಟು ಹಿಂದೆಯೇ ತನ್ನ ನೌಕರರಿಗಾಗಿ ಜೀವವಿಮಾ ಯೋಜನೆಯನ್ನು ಜಾರಿಗೆ ತಂದಿತ್ತು. ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ ಮೂಲ ಅದೇ.

ಈ ಪಿಂಚಣಿಯ ಹಣದಿಂದಲೇ ಊರಿನ ವ್ಯಾಪಾರದ ಒಂದು ಭಾಗವೂ ನಡೆದುಬಂದಿದೆ. ತಿಂಗಳ ಮೊದಲ ವಾರದಲ್ಲಿ ಬ್ಯಾಂಕಿನಿಂದ ಹೊರಟ ಪಿಂಚಣಿ ಸಂತೇಪೇಟೆಯ ದಿನಸಿ ಅಂಗಡಿಗೂ, ದೇವರಾಜ ಮಾರುಕಟ್ಟೆಯ ಹೂವು-ಹಣ್ಣಿನ ಮಳಿಗೆಗೂ, ಬಡಾವಣೆಯ ಔಷಧಿ ಅಂಗಡಿಗೂ ಬಂದು ಸೇರುತ್ತದೆ. ಆದರೆ ಆ ಅಂಗಡಿಯ ಗಲ್ಲಾದ ಮೇಲೆ ಕುಳಿತ ವರ್ತಕರನ್ನು, ‘ತಮಗೆ ಅರವತ್ತು ದಾಟಿದ ಮೇಲೆ ತಿಂಗಳಿಗೆ ಎಷ್ಟು ಬರುತ್ತದೆ?’ ಎಂದು ಕೇಳಿದರೆ ಉತ್ತರ ಬಹುಮಟ್ಟಿಗೆ ಒಂದೇ: ‘ಅಂಗಡಿಯೇ ನಮ್ಮ ಪಿಂಚಣಿ ಸ್ವಾಮಿ.’ ಈ ಉತ್ತರ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಒಂದು ಪ್ರಸಂಗ

ನಾನು ಲೆಕ್ಕಪತ್ರ ನೋಡುತ್ತಿದ್ದ ಸಗಟು ವ್ಯಾಪಾರಿಯೊಬ್ಬರು 2023ರಲ್ಲಿ, ತಮ್ಮ ಅರವತ್ತೇಳನೆಯ ವಯಸ್ಸಿನಲ್ಲಿ, ವ್ಯಾಪಾರ ಮುಚ್ಚಲು ನಿರ್ಧರಿಸಿದರು. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದ, ಮಗಳು ವಿದೇಶದಲ್ಲಿದ್ದಳು. ಅಂಗಡಿಯನ್ನು ನಡೆಸುವವರು ಯಾರೂ ಇರಲಿಲ್ಲ. ಅವರ ಕೊನೆಯ ಬ್ಯಾಲೆನ್ಸ್ ಷೀಟ್ ಹೀಗಿತ್ತು: ದಾಸ್ತಾನು 40 ಲಕ್ಷ ರೂಪಾಯಿ, ಗಿರಾಕಿಗಳಿಂದ ಬರಬೇಕಾದ ಬಾಕಿ 25 ಲಕ್ಷ, ಒಟ್ಟು 65 ಲಕ್ಷ. ಬ್ಯಾಂಕಿನ ಕ್ಯಾಷ್ ಕ್ರೆಡಿಟ್ ಸಾಲ 30 ಲಕ್ಷ, ಸರಕು ಕೊಟ್ಟವರಿಗೆ ಸಲ್ಲಬೇಕಾದದ್ದು 15 ಲಕ್ಷ. ಉಳಿದ 20 ಲಕ್ಷ ಮಾಲೀಕರ ಬಂಡವಾಳ. ಆ 20 ಲಕ್ಷವನ್ನು ಅವರು ತಮ್ಮ ಇಳಿಗಾಲದ ಹಣವೆಂದೇ ನಂಬಿದ್ದರು.

ಮುಚ್ಚುವ ಅಂಗಡಿಯ ಸರಕಿಗೆ ಯಾರೂ ಪೂರ್ತಿ ಬೆಲೆ ಕೊಡುವುದಿಲ್ಲ. ಹಳೆಯ ಮಾದರಿಯ ಮಾಲು, ಬಿಡಿಬಿಡಿಯಾಗಿ ಉಳಿದ ಮಾಲು ಎಲ್ಲವೂ ಸೇರಿ 40 ಲಕ್ಷದ ದಾಸ್ತಾನಿಗೆ 24 ಲಕ್ಷ ಬಂದಿತು. ವ್ಯಾಪಾರ ನಿಂತಿತೆಂದು ತಿಳಿದ ಗಿರಾಕಿಗಳಲ್ಲಿ ಅನೇಕರು ಬಾಕಿ ತೀರಿಸುವ ಆತುರ ತೋರಲಿಲ್ಲ. 25 ಲಕ್ಷದಲ್ಲಿ ಕೈಗೆ ಬಂದದ್ದು 15 ಲಕ್ಷ. ಒಟ್ಟು ಬಂದದ್ದು 39 ಲಕ್ಷ, ಕೊಡಬೇಕಾಗಿದ್ದುದು 45 ಲಕ್ಷ. ಕಾಗದದ ಮೇಲಿನ 20 ಲಕ್ಷದ ಬಂಡವಾಳ ಕರಗಿಹೋಗಿ 6 ಲಕ್ಷ ರೂಪಾಯಿ ಕೊರತೆ ಬಿದ್ದಿತು. ಬ್ಯಾಂಕಿನಲ್ಲಿ ಅಡವಾಗಿದ್ದ ಮನೆಯ ಪತ್ರವನ್ನು ಬಿಡಿಸಿಕೊಳ್ಳಲು ಅವರ ಧರ್ಮಪತ್ನಿಯವರ ಒಡವೆ ಹೋಯಿತು.

ಅವರನ್ನು ಉಳಿಸಿದ್ದು ಬೇರೊಂದು ಸಂಗತಿ. 1998ರ ಮಾರ್ಚ್ ತಿಂಗಳಲ್ಲಿ, ಆದಾಯ ತೆರಿಗೆ ಉಳಿಸಲೆಂದು ನನ್ನ ಒತ್ತಾಯಕ್ಕೆ ಅವರು ಒಂದು ಸಾರ್ವಜನಿಕ ಭವಿಷ್ಯ ನಿಧಿ, ಅಂದರೆ ಪಿ.ಪಿ.ಎಫ್. ಖಾತೆ ತೆರೆದಿದ್ದರು. ಆಮೇಲೆ ಪ್ರತಿ ಮಾರ್ಚ್ ಕೊನೆಯ ವಾರ, ‘ಸುಮ್ಮನೆ ದುಡ್ಡು ಬ್ಲಾಕ್ ಮಾಡಿಸುತ್ತೀರಿ’ ಎಂದು ಗೊಣಗುತ್ತಲೇ ಸುಮಾರು ನಲವತ್ತು ಸಾವಿರ ರೂಪಾಯಿ ಕಟ್ಟುತ್ತಿದ್ದರು. ಹದಿನೈದು ವರ್ಷದ ಅವಧಿ ಮುಗಿದ ಮೇಲೆ ಎರಡು ಬಾರಿ ಐದೈದು ವರ್ಷ ಮುಂದುವರಿಸಿದರು. 2023ರ ಏಪ್ರಿಲ್‌ನಲ್ಲಿ ಆ ಖಾತೆಯಲ್ಲಿದ್ದುದು 30 ಲಕ್ಷ ರೂಪಾಯಿಗಿಂತ ತುಸು ಹೆಚ್ಚು. ಅದೇ ತಿಂಗಳಿಂದ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿತ್ತು, ಬಡ್ಡಿ ಶೇ. 8.2 ಆಗಿತ್ತು. ಆ ಹಣವನ್ನು ಅಲ್ಲಿಟ್ಟರು. ಮೂರು ತಿಂಗಳಿಗೊಮ್ಮೆ 61,500 ರೂಪಾಯಿ, ಅಂದರೆ ತಿಂಗಳಿಗೆ 20,500 ರೂಪಾಯಿ ಬರತೊಡಗಿತು. ನಲವತ್ತು ವರ್ಷ ನಡೆಸಿದ ಅಂಗಡಿ ಕೊಡದಿದ್ದ ಪಿಂಚಣಿಯನ್ನು ಗೊಣಗುತ್ತಾ ಕಟ್ಟಿದ ಹಣ ಕೊಟ್ಟಿತು.

ಬಂಡವಾಳವೇ ಉಳಿತಾಯವಲ್ಲ

ಈ ಪ್ರಸಂಗದಿಂದ ಸ್ಪಷ್ಟವಾಗುವ ಮೊದಲ ಅಂಶವೆಂದರೆ, ಬ್ಯಾಲೆನ್ಸ್ ಷೀಟ್‌ನಲ್ಲಿ ಕಾಣುವ ಬಂಡವಾಳ ನಡೆಯುವ ಅಂಗಡಿಯ ಬೆಲೆಯೇ ಹೊರತು ನಿಲ್ಲುವ ಅಂಗಡಿಯ ಬೆಲೆಯಲ್ಲ. ಕಾರ್ಖಾನೆಯ ಮಟ್ಟಿಗೂ ಇದು ನಿಜ. ಹೆಬ್ಬಾಳ, ಹೂಟಗಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಘಟಕವೊಂದರಲ್ಲಿ ಲೆಕ್ಕದ ಪ್ರಕಾರ ಹತ್ತು ಲಕ್ಷ ಬೆಲೆಯುಳ್ಳ ಯಂತ್ರ, ಮಾಲೀಕ ಕೈಬಿಟ್ಟ ದಿನ ಗುಜರಿಯ ತೂಕಕ್ಕೆ ಹೋಗುವುದನ್ನು ನಾವೆಲ್ಲರೂ ಕಂಡಿದ್ದೇವೆ.

ಎರಡನೆಯದು, ವ್ಯಾಪಾರದ ನೆಲೆಯೇ ಶಾಶ್ವತವಲ್ಲ. ನಮ್ಮ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿಯಿತು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟ್‌ನಲ್ಲಿ ಕುಸಿಯಿತು. ತಲೆಮಾರುಗಳಿಂದ ಅಲ್ಲಿ ಬಾಡಿಗೆಗಿದ್ದ ವರ್ತಕರ ಪಾಲಿಗೆ ಅದು ಗೋಡೆ ಬಿದ್ದದ್ದಷ್ಟೇ ಆಗಿರಲಿಲ್ಲ. ಬಾಡಿಗೆಯ ಹಕ್ಕನ್ನೂ ಗಿರಾಕಿಯ ವಾಡಿಕೆಯನ್ನೂ ಆಸ್ತಿಯೆಂದು ಎಣಿಸಿದ್ದವರಿಗೆ ಆ ಆಸ್ತಿ ಎಷ್ಟು ನಾಜೂಕಾದದ್ದು ಎಂಬುದು ಅಂದು ತಿಳಿಯಿತು. ಕೊರೋನಾದ 2020ರ ದಿನಗಳು, ಆನ್‌ಲೈನ್ ವ್ಯಾಪಾರದ ಪೈಪೋಟಿ ಇವೂ ಅದೇ ಪಾಠವನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿವೆ.

ಮೂರನೆಯದು ವಿಪರ್ಯಾಸದ ಸಂಗತಿ. ಇಪ್ಪತ್ತು ಮತ್ತು ಹೆಚ್ಚು ಮಂದಿ ಕೆಲಸಗಾರರಿರುವ ಘಟಕದ ಮಾಲೀಕರು ಪ್ರತಿ ತಿಂಗಳ 15ನೇ ತಾರೀಖಿನೊಳಗೆ ಕೆಲಸಗಾರರ ವೇತನದಿಂದ ಶೇ. 12 ಮತ್ತು ತಮ್ಮ ಪಾಲಿನಿಂದ ಶೇ. 12, ಹೀಗೆ ಒಟ್ಟು ಶೇ. 24ರಷ್ಟನ್ನು ಭವಿಷ್ಯ ನಿಧಿಗೆ ಕಟ್ಟುತ್ತಾರೆ. ತಡವಾದರೆ ಬಡ್ಡಿ, ದಂಡ. ಇದರ ಒಂದು ಭಾಗದಿಂದ 1995ರ ನವೆಂಬರ್‌ನಿಂದ ಕೆಲಸಗಾರನಿಗೆ ಪಿಂಚಣಿ ಯೋಜನೆಯೂ ಇದೆ. ಇದರ ಮೇಲೆ ಗ್ರಾಚ್ಯುಯಿಟಿ ಬೇರೆ. ಆದರೆ ಏಕಮಾಲೀಕತ್ವದ ಒಡೆಯನಾಗಲಿ, ಪಾಲುದಾರನಾಗಲಿ ಈ ನಿಧಿಯ ಸದಸ್ಯನಾಗಲಾರ. ತನ್ನ ಬಳಿ ದುಡಿದವನಿಗೆ ಪಿಂಚಣಿಯ ವ್ಯವಸ್ಥೆ ಮಾಡಿ, ತನಗೆ ಮಾತ್ರ ಯಾವುದೂ ಇಲ್ಲದೆ ಉಳಿಯುವವನು ಮಾಲೀಕ.

ಮಾರ್ಚ್ ತಿಂಗಳ ಪಿಂಚಣಿ

ಹಾಗಾದರೆ ನಮ್ಮ ಹಿಂದಿನ ತಲೆಮಾರಿನ ವರ್ತಕರು ಹೇಗೆ ನಿಭಾಯಿಸಿದರು? ಅವಿಭಕ್ತ ಕುಟುಂಬವಿತ್ತು, ಮಗ ಅಂಗಡಿಗೆ ಬರುತ್ತಿದ್ದ. ಇವೆರಡೂ ಸಡಿಲವಾದ ಮೇಲೆ ನಿಭಾಯಿಸಿದ್ದು, ನಾನು ಕಂಡಂತೆ, ಆದಾಯ ತೆರಿಗೆಯ ಭಯ. ತೆರಿಗೆ ವಿನಾಯಿತಿಗಾಗಿ ಪಿ.ಪಿ.ಎಫ್., ಜೀವವಿಮೆ, ರಾಷ್ಟ್ರೀಯ ಉಳಿತಾಯ ಪತ್ರಗಳಲ್ಲಿ ಪ್ರತಿ ಮಾರ್ಚ್‌ನಲ್ಲಿ ಹಣ ತೊಡಗಿಸುವುದು ಒಂದು ವಾಡಿಕೆಯಾಗಿತ್ತು. ಉದ್ದೇಶ ತೆರಿಗೆ ಉಳಿಸುವುದು, ಪರಿಣಾಮ ಇಳಿಗಾಲದ ಗಂಟು.

ಈ ಪರಿಸ್ಥಿತಿ ಈಗ ಬದಲಾಗಿದೆ. 2023-24ನೇ ಸಾಲಿನಿಂದ ಹೊಸ ತೆರಿಗೆ ಪದ್ಧತಿಯೇ ಸಹಜ ಪದ್ಧತಿಯಾಗಿದೆ. 2025-26ನೇ ಸಾಲಿನಿಂದ ಈ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಸಾಮಾನ್ಯ ಆದಾಯಕ್ಕೆ ರಿಯಾಯಿತಿಯ ಮೂಲಕ ತೆರಿಗೆ ಇಲ್ಲವಾಗಿದೆ. ಇದು ಸ್ವಾಗತಾರ್ಹ. ಆದರೆ ಪಿ.ಪಿ.ಎಫ್., ವಿಮೆ ಮುಂತಾದವುಗಳಿಗಿದ್ದ 1.5 ಲಕ್ಷದ ಕಡಿತವಾಗಲಿ, ರಾಷ್ಟ್ರೀಯ ಪಿಂಚಣಿ ವ್ಯವಸ್ಥೆಗೆ ಸ್ವಂತವಾಗಿ ಕಟ್ಟಿದ ಹಣಕ್ಕಿದ್ದ 50,000 ರೂಪಾಯಿಗಳ ಹೆಚ್ಚುವರಿ ಕಡಿತವಾಗಲಿ ಹೊಸ ಪದ್ಧತಿಯಲ್ಲಿ ದೊರೆಯುವುದಿಲ್ಲ. ಪರಿಣಾಮವಾಗಿ ಮಾರ್ಚ್ ತಿಂಗಳಲ್ಲಿ ನನ್ನ ಕಚೇರಿಗೆ ಬರುವ ಕಕ್ಷಿದಾರರು, ‘ಇನ್ನು ಆ ಪಿ.ಪಿ.ಎಫ್. ಯಾಕೆ ಸಾರ್? ನಿಲ್ಲಿಸಿಬಿಡೋಣವೇ?’ ಎಂದು ಕೇಳುತ್ತಿದ್ದಾರೆ. ಉಳಿದ ಹಣ ಹೆಚ್ಚಿನ ದಾಸ್ತಾನಿಗೆ ಹೋಗುತ್ತದೆ, ಇಲ್ಲವೇ ಹೊಸ ಕಾರಿಗೆ ಹೋಗುತ್ತದೆ.

ಇಲ್ಲಿ ನನ್ನ ವೃತ್ತಿಯ ತಪ್ಪನ್ನೂ ಒಪ್ಪಿಕೊಳ್ಳಬೇಕು. ಮೂವತ್ತು ವರ್ಷಗಳ ಕಾಲ ನಾವು ಲೆಕ್ಕಪರಿಶೋಧಕರು, ‘ಇಷ್ಟು ಕಟ್ಟಿದರೆ ಇಷ್ಟು ತೆರಿಗೆ ಉಳಿಯುತ್ತದೆ’ ಎಂದು ಹೇಳಿದೆವೇ ಹೊರತು ‘ಇಷ್ಟು ಕಟ್ಟಿದರೆ ಮುಪ್ಪಿನಲ್ಲಿ ತಿಂಗಳಿಗೆ ಇಷ್ಟು ಬರುತ್ತದೆ’ ಎಂದು ಹೇಳಲಿಲ್ಲ. ಕಾರಣವನ್ನೇ ತಪ್ಪಾಗಿ ಕಲಿಸಿದ್ದರಿಂದ, ಕಾರಣ ಹೋದೊಡನೆ ಅಭ್ಯಾಸವೂ ಹೋಗುತ್ತಿದೆ. ಪಿ.ಪಿ.ಎಫ್. ಬಡ್ಡಿಗೆ ಹೊಸ ಪದ್ಧತಿಯಲ್ಲೂ ತೆರಿಗೆ ಇಲ್ಲ, ಅವಧಿ ಮುಗಿದಾಗ ಬರುವ ಮೊತ್ತಕ್ಕೂ ತೆರಿಗೆ ಇಲ್ಲ ಎಂಬುದನ್ನಾದರೂ ಸದಸ್ಯರು ನೆನಪಿಡಬೇಕು.

ಪಿಂಚಣಿ ಸುಧಾರಣೆ: ಯಾರಿಗೆ ಎಷ್ಟು?

ನಮ್ಮ ದೇಶದ ಪಿಂಚಣಿ ಸುಧಾರಣೆಯ ಚರ್ಚೆ ಅಸಂಘಟಿತ ವರ್ಗದಿಂದಲೇ ಆರಂಭವಾಯಿತು ಎಂಬುದು ಅನೇಕರಿಗೆ ತಿಳಿಯದು. ಎಸ್.ಎ. ದವೆ ಅವರ ಅಧ್ಯಕ್ಷತೆಯ ‘ಓಯಸಿಸ್’ ಸಮಿತಿ 2000ದಲ್ಲಿ ನೀಡಿದ ವರದಿಯ ಮುಖ್ಯ ಕಾಳಜಿ, ಪಿಂಚಣಿಯೇ ಇಲ್ಲದ ಸ್ವಂತ ದುಡಿಮೆಯವರದು. ಆದರೆ ಅದರ ಜಾಡಿನಲ್ಲಿ ಬಂದ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್.ಪಿ.ಎಸ್., 2004ರ ಜನವರಿ 1ರಿಂದ ಮೊದಲು ಅನ್ವಯವಾದದ್ದು ಕೇಂದ್ರ ಸರ್ಕಾರದ ಹೊಸ ನೌಕರರಿಗೆ. ಕರ್ನಾಟಕ ಸರ್ಕಾರದ ಹೊಸ ನೌಕರರಿಗೆ ಅದು 2006ರ ಏಪ್ರಿಲ್ 1ರಿಂದ ಬಂದಿತು. ಸಾಮಾನ್ಯ ನಾಗರಿಕರಿಗೆ ಬಾಗಿಲು ತೆರೆದದ್ದು 2009ರ ಮೇ 1ರಂದು. ಆಮೇಲೂ ಸಾರ್ವಜನಿಕ ಚರ್ಚೆಯೆಲ್ಲ ನೌಕರರ ಹಳೆಯ ಪಿಂಚಣಿಯ ಸುತ್ತಲೇ ನಡೆಯಿತು. ಅದರ ಫಲವಾಗಿ ಕೇಂದ್ರ ನೌಕರರಿಗೆ 2025ರ ಏಪ್ರಿಲ್ 1ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆಯೂ ದೊರಕಿತು.

ವರ್ತಕರ ಹೆಸರಿನಲ್ಲಿಯೇ ಒಂದು ಯೋಜನೆ ಬಂದದ್ದುಂಟು. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಲಘು ವ್ಯಾಪಾರಿ ಮಾನ್‌ಧನ್ ಯೋಜನೆಯ ಪ್ರಕಾರ, ವಾರ್ಷಿಕ ವಹಿವಾಟು 1.5 ಕೋಟಿ ರೂಪಾಯಿ ಮೀರದ, 18ರಿಂದ 40 ವರ್ಷ ವಯಸ್ಸಿನ ವ್ಯಾಪಾರಿ ತಿಂಗಳಿಗೆ ವಯಸ್ಸಿಗನುಗುಣವಾಗಿ 55ರಿಂದ 200 ರೂಪಾಯಿ ಕಟ್ಟಿದರೆ ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಅರವತ್ತರ ನಂತರ ತಿಂಗಳಿಗೆ 3,000 ರೂಪಾಯಿ ಪಿಂಚಣಿ. ಆದರೆ ಆದಾಯ ತೆರಿಗೆ ಕಟ್ಟುವವರು ಇದಕ್ಕೆ ಅರ್ಹರಲ್ಲ. ಮೇಲಾಗಿ ಬೆಲೆ ಏರಿದಂತೆ ಈ 3,000 ಏರುವುದಿಲ್ಲ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ, ಇಂದು ನಲವತ್ತು ವರ್ಷದವರಿಗೆ ಇಪ್ಪತ್ತು ವರ್ಷದ ನಂತರ ಬರುವ 3,000 ರೂಪಾಯಿಗೆ ಇಂದಿನ ಲೆಕ್ಕದಲ್ಲಿ ಇರುವ ಬೆಲೆ ಸುಮಾರು 935 ರೂಪಾಯಿ. 2015ರಲ್ಲಿ ಆರಂಭವಾದ ಅಟಲ್ ಪಿಂಚಣಿ ಯೋಜನೆಯೂ 1,000ದಿಂದ 5,000 ರೂಪಾಯಿವರೆಗಿನ ನಿಗದಿತ ಪಿಂಚಣಿಯದೇ. 2022ರ ಅಕ್ಟೋಬರ್‌ನಿಂದ ತೆರಿಗೆದಾರರು ಅದಕ್ಕೂ ಹೊಸದಾಗಿ ಸೇರುವಂತಿಲ್ಲ. ಬೀದಿ ಬದಿಯ ವ್ಯಾಪಾರಿಗೆ, ನಮ್ಮ ಅಂಗಡಿಯ ಸಹಾಯಕನಿಗೆ ಇಂಥ ಯೋಜನೆಗಳು ಉಪಯುಕ್ತ. ನಮ್ಮ ಸಹಾಯಕರನ್ನು ಸೇರಿಸುವುದು ನಮ್ಮ ಕರ್ತವ್ಯವೂ ಹೌದು.

ಒಟ್ಟಿನಲ್ಲಿ, ಮೇಲಿನ ಸ್ತರದ ನೌಕರನಿಗೂ ಕೆಳಗಿನ ಸ್ತರದ ಬಡವನಿಗೂ ಏನಾದರೊಂದು ದೊರಕಿದೆ. ನಡುವೆ ಇರುವ, ತೆರಿಗೆ ಕಟ್ಟುವ, ನಾಲ್ಕಾರು ಜನರಿಗೆ ಕೆಲಸ ಕೊಟ್ಟಿರುವ ವರ್ತಕ ತನ್ನ ವ್ಯವಸ್ಥೆಯನ್ನು ತಾನೇ ಮಾಡಿಕೊಳ್ಳಬೇಕು.

ಕೆನಡಾದ ಒಂದು ನಿದರ್ಶನ

ನಮ್ಮ ಅನೇಕ ಸದಸ್ಯರ ಮಕ್ಕಳು ಕೆನಡಾದಲ್ಲಿ ನೆಲೆಸಿದ್ದಾರೆ. ಅಲ್ಲಿಯ ಪದ್ಧತಿಯಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. 1966ರಲ್ಲಿ ಜಾರಿಗೆ ಬಂದ ಕೆನಡಾ ಪಿಂಚಣಿ ಯೋಜನೆಯಲ್ಲಿ ನೌಕರ ಮತ್ತು ಮಾಲೀಕ ಇಬ್ಬರೂ ಸಮಪಾಲು ಕಟ್ಟುತ್ತಾರೆ. ಸ್ವಂತ ಅಂಗಡಿ ಇಟ್ಟವನಿಗೆ ಮಾಲೀಕ ಯಾರೂ ಇಲ್ಲವಲ್ಲ? ಆದ್ದರಿಂದ ಅವನು ಎರಡೂ ಪಾಲನ್ನು ತಾನೇ ಕಟ್ಟಬೇಕು. 2023ರಿಂದ ಇದು, ನಿಗದಿತ ಮಿತಿಯೊಳಗಿನ ಗಳಿಕೆಯ ಮೇಲೆ, ತಲಾ ಶೇ. 5.95ರಂತೆ ಒಟ್ಟು ಶೇ. 11.9. ಟೊರಾಂಟೋದ ದಿನಸಿ ಅಂಗಡಿಯವನಿಗೂ ಇದರಿಂದ ವಿನಾಯಿತಿ ಇಲ್ಲ, ಮುಪ್ಪಿನಲ್ಲಿ ಪಿಂಚಣಿ ತಪ್ಪುವುದೂ ಇಲ್ಲ. ಇದರ ಜೊತೆಗೆ ಅರವತ್ತೈದು ದಾಟಿದವರಿಗೆ ಸರ್ಕಾರದ ವೃದ್ಧಾಪ್ಯ ಭದ್ರತೆಯ ಮೊತ್ತವಿದೆ, ಸ್ವಂತ ಉಳಿತಾಯಕ್ಕೆ ತೆರಿಗೆ ರಿಯಾಯಿತಿಯುಳ್ಳ ಖಾತೆಗಳಿವೆ.

ಆ ಯೋಜನೆಗೂ ಸಂಕಟದ ಕಾಲ ಬಂದಿತ್ತು. 1990ರ ದಶಕದ ಮಧ್ಯದಲ್ಲಿ, ನಿಧಿ 2015ರ ವೇಳೆಗೆ ಬರಿದಾಗುತ್ತದೆ ಎಂದು ಲೆಕ್ಕತಜ್ಞರು ಎಚ್ಚರಿಸಿದರು. 1997ರ ಸುಧಾರಣೆಯಲ್ಲಿ ಅವರು ಮಾಡಿದ್ದು ಎರಡು ಕೆಲಸ: ಶೇ. 6ಕ್ಕಿಂತ ಕಡಿಮೆಯಿದ್ದ ಒಟ್ಟು ವಂತಿಗೆಯನ್ನು ಹಂತ ಹಂತವಾಗಿ 2003ರ ಹೊತ್ತಿಗೆ ಶೇ. 9.9ಕ್ಕೆ ಏರಿಸಿದರು, ನಿಧಿಯನ್ನು ಸರ್ಕಾರದಿಂದ ಬೇರ್ಪಟ್ಟ ಹೂಡಿಕೆ ಮಂಡಳಿಯ ಕೈಗೆ ಒಪ್ಪಿಸಿದರು. ಮೊದಲೇ ಹೆಚ್ಚು ಕಟ್ಟುವುದು, ಕಟ್ಟಿದ ಹಣವನ್ನು ಖರ್ಚು ಮಾಡುವ ಕೈಯಿಂದ ದೂರವಿಡುವುದು. ಒಂದು ದೇಶಕ್ಕೆ ಅನ್ವಯವಾದ ಈ ಎರಡು ಸೂತ್ರಗಳು ನಮ್ಮ ಅಂಗಡಿಗೂ ಅನ್ವಯವಾಗುತ್ತವೆ.

ಎಷ್ಟು ಬೇಕು? ಎಂದಿನಿಂದ?

ಇಂದು ತಿಂಗಳಿಗೆ 40,000 ರೂಪಾಯಿ ಮನೆ ಖರ್ಚಿರುವ ಕುಟುಂಬಕ್ಕೆ, ಬೆಲೆಗಳು ವರ್ಷಕ್ಕೆ ಶೇ. 6ರಂತೆ ಏರಿದರೆ, ಹದಿನೈದು ವರ್ಷದ ನಂತರ ಅದೇ ಜೀವನಮಟ್ಟಕ್ಕೆ ಸುಮಾರು 96,000 ರೂಪಾಯಿ ಬೇಕು. ಮಕ್ಕಳ ವಿದ್ಯಾಭ್ಯಾಸದ ವೆಚ್ಚ ಅಷ್ಟರಲ್ಲಿ ಇಲ್ಲವಾದರೂ ವೈದ್ಯಕೀಯ ವೆಚ್ಚ ಅದರ ಜಾಗಕ್ಕೆ ಬರುತ್ತದೆ. ‘ಕೂತು ತಿನ್ನುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ಕಟ್ಟಿದ ಹಿರಿಯರಿಗೆ ಹಣದುಬ್ಬರದ ಸೂತ್ರ ತಿಳಿದಿರದಿದ್ದರೂ ಅದರ ಅನುಭವವಿತ್ತು.

ಆರಂಭಿಸುವ ವಯಸ್ಸು ಎಷ್ಟು ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ತಿಂಗಳಿಗೆ 5,000 ರೂಪಾಯಿಯನ್ನು ಮೂವತ್ತೈದನೆಯ ವಯಸ್ಸಿನಿಂದ ಅರವತ್ತರವರೆಗೆ, ವರ್ಷಕ್ಕೆ ಶೇ. 10ರ ಪ್ರತಿಫಲ ಬರುವಂತೆ ಹೂಡಿದರೆ ಸೇರುವ ಮೊತ್ತ ಸುಮಾರು 66 ಲಕ್ಷ. ಅಷ್ಟೇ ಹಣವನ್ನು ನಲವತ್ತೈದರಿಂದ ಹೂಡಿದರೆ ಸೇರುವುದು ಸುಮಾರು 21 ಲಕ್ಷ. ಹತ್ತು ವರ್ಷ ತಡವಾದವರು ಅದೇ 66 ಲಕ್ಷ ಮುಟ್ಟಬೇಕಾದರೆ ತಿಂಗಳಿಗೆ 5,000 ಅಲ್ಲ, 16,000 ರೂಪಾಯಿ ಕಟ್ಟಬೇಕು. ಶೇ. 10 ಎಂಬುದು ಲೆಕ್ಕಕ್ಕಾಗಿ ಹಿಡಿದ ಅಂಕಿಯೇ ಹೊರತು ಯಾರೂ ಕೊಟ್ಟ ಭರವಸೆಯಲ್ಲ.

ಈ ವಿಳಂಬದ ಬೆಲೆಯನ್ನು ನಾನೇ ತೆತ್ತಿದ್ದೇನೆ. ಲೆಕ್ಕಪರಿಶೋಧಕನೂ ಸ್ವಂತ ವೃತ್ತಿಯವನೇ, ಅವನಿಗೂ ಪಿಂಚಣಿಯಿಲ್ಲ. 2009ರಲ್ಲಿ ಎನ್.ಪಿ.ಎಸ್. ಎಲ್ಲರಿಗೂ ತೆರೆದಾಗ ಕಕ್ಷಿದಾರರಿಗೆ ಅದರ ನಿಯಮಗಳನ್ನು ವಿವರಿಸಿದವನು ನಾನು. ನನ್ನ ಖಾತೆ ತೆರೆದದ್ದು ಮಾತ್ರ 2016ರಲ್ಲಿ. ನಡುವಿನ ಏಳು ವರ್ಷ, ‘ಈ ವರ್ಷ ಕಚೇರಿಗೆ ಖರ್ಚಿದೆ, ಮುಂದಿನ ವರ್ಷ ನೋಡೋಣ’ ಎಂಬ ಮಾತಿನಲ್ಲೇ ಕಳೆಯಿತು. ಆ ಮಾತು ಸದಸ್ಯ ಮಿತ್ರರಿಗೆ ಹೊಸದೆನಿಸಲಾರದು.

ಎಲ್ಲಿ ಹೂಡಬೇಕು?

ಮೊದಲನೆಯದು ಪಿ.ಪಿ.ಎಫ್. ಇದರ ಬಡ್ಡಿ 2000ದ ಜನವರಿವರೆಗೆ ಶೇ. 12 ಇತ್ತು, 2020ರ ಏಪ್ರಿಲ್‌ನಲ್ಲಿ ಶೇ. 7.1ಕ್ಕೆ ಇಳಿಯಿತು. ಸರ್ಕಾರ ಇದನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ಶೇ. 7.1ರ ದರದಲ್ಲೇ ಲೆಕ್ಕ ಹಾಕಿದರೂ ಪ್ರತಿ ವರ್ಷದ ಏಪ್ರಿಲ್ ಮೊದಲ ವಾರದಲ್ಲಿ 1.5 ಲಕ್ಷ ಕಟ್ಟಿದರೆ ಹದಿನೈದು ವರ್ಷಕ್ಕೆ ಸುಮಾರು 40.7 ಲಕ್ಷ, ಇಪ್ಪತ್ತು ವರ್ಷಕ್ಕೆ ಸುಮಾರು 66.6 ಲಕ್ಷ ಆಗುತ್ತದೆ. ಮಾರ್ಚ್ ಕೊನೆಯಲ್ಲಿ ಕಟ್ಟುವವರು ಪ್ರತಿ ಕಂತಿನ ಮೇಲೆ ಒಂದು ವರ್ಷದ ಬಡ್ಡಿ ಕಳೆದುಕೊಳ್ಳುತ್ತಾರೆ.

ಎರಡನೆಯದು ಎನ್.ಪಿ.ಎಸ್. ಇಲ್ಲಿ ಹಣದ ಒಂದು ಭಾಗ ಷೇರುಗಳಲ್ಲಿ ಹೂಡಿಕೆಯಾಗುವುದರಿಂದ ದೀರ್ಘಾವಧಿಯಲ್ಲಿ ಬೆಲೆ ಏರಿಕೆಯನ್ನು ಎದುರಿಸುವ ಶಕ್ತಿ ಹೆಚ್ಚು. ಹಿಂದೆ ಅರವತ್ತರಲ್ಲಿ ಕನಿಷ್ಠ ಶೇ. 40ರಿಂದ ಮಾಸಿಕ ವರ್ಷಾಶನ ಕೊಳ್ಳುವುದು ಕಡ್ಡಾಯವಾಗಿತ್ತು. 2025ರ ಡಿಸೆಂಬರ್‌ನ ತಿದ್ದುಪಡಿಯಲ್ಲಿ ಸರ್ಕಾರೇತರ ಚಂದಾದಾರರಿಗೆ ಇದು ಶೇ. 20ಕ್ಕೆ ಇಳಿದಿದೆ, ಉಳಿದ ಶೇ. 80ರವರೆಗೆ ಒಟ್ಟಿಗೆ ಪಡೆಯಬಹುದು. ಈ ಸಡಿಲಿಕೆಯಿಂದ ಸಂತೋಷಪಡುವ ಮುನ್ನ ವರ್ತಕರು ಯೋಚಿಸಬೇಕು. ನಮ್ಮ ಕೈಗೆ ಒಟ್ಟಿಗೆ ಬಂದ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ನಮಗೇ ಗೊತ್ತು. ಪ್ರೈವೇಟ್ ಲಿಮಿಟೆಡ್ ಕಂಪನಿಯಿಂದ ಸಂಬಳ ಪಡೆಯುವ ನಿರ್ದೇಶಕರಿಗೆ ಇನ್ನೊಂದು ಅನುಕೂಲವಿದೆ. ಕಂಪನಿ ಅವರ ಎನ್.ಪಿ.ಎಸ್. ಖಾತೆಗೆ ಕಟ್ಟುವ ಹಣಕ್ಕೆ, ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 14ರವರೆಗೆ, ಹೊಸ ಪದ್ಧತಿಯಲ್ಲೂ ಕಡಿತವುಂಟು. ಪಾಲುದಾರರಿಗೆ ಇದು ಅನ್ವಯಿಸದು.

ಮೂರನೆಯದು ಮ್ಯೂಚುಯಲ್ ಫಂಡ್‌ಗಳ ಮಾಸಿಕ ಹೂಡಿಕೆ. ಷೇರುಪೇಟೆಯ ಸೂಚ್ಯಂಕ 2008ರ ಜನವರಿಯಿಂದ ಅಕ್ಟೋಬರ್‌ವರೆಗಿನ ಹತ್ತೇ ತಿಂಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದುದನ್ನು ಮರೆಯಬಾರದು. ಹತ್ತು ವರ್ಷದೊಳಗೆ ಬೇಕಾಗುವ ಹಣವನ್ನು ಪೂರ್ತಿಯಾಗಿ ಇದರಲ್ಲಿಡುವುದು ಸೂಕ್ತವಲ್ಲ.

ಬ್ಯಾಂಕ್ ಠೇವಣಿಗೆ 2020ರ ಫೆಬ್ರವರಿಯಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ, ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ರಕ್ಷಣೆಯಿಲ್ಲ. ಒಂದೂವರೆ ಪಟ್ಟು ಬಡ್ಡಿಯ ಆಸೆಗೆ ಇಳಿಗಾಲದ ಹಣವನ್ನೆಲ್ಲ ಒಂದೇ ಸಂಘದಲ್ಲಿಟ್ಟು ಪರದಾಡಿದವರನ್ನು ಕಂಡಿದ್ದೇನೆ. ಚೀಟಿ ಹಣ ನೋಂದಾಯಿತ ಸಂಸ್ಥೆಯದಾದರೆ ವ್ಯಾಪಾರದ ತಾತ್ಕಾಲಿಕ ಅಗತ್ಯಕ್ಕೆ ಸರಿ, ಮುಪ್ಪಿಗೆ ಅಲ್ಲ. ಚಿನ್ನ ಆಪತ್ತಿಗೆ ಒದಗುತ್ತದೆ, ತಿಂಗಳ ಖರ್ಚಿಗೆ ಒದಗುವುದಿಲ್ಲ.

ಸಾಲದ ಕೈಗೆ ಸಿಗದ ಹಣ

ವರ್ತಕನಿಗೂ ನೌಕರನಿಗೂ ಇರುವ ದೊಡ್ಡ ವ್ಯತ್ಯಾಸವೆಂದರೆ, ವ್ಯಾಪಾರದ ಸಾಲಕ್ಕೆ ವರ್ತಕನ ಸ್ವಂತ ಆಸ್ತಿಯೂ ಹೊಣೆ. ಆದ್ದರಿಂದ ಇಳಿಗಾಲದ ಹಣ ಸಾಲ ಕೊಟ್ಟವರ ಕೈಗೆ ಸಿಗದ ಜಾಗದಲ್ಲಿರಬೇಕು. ಕಾನೂನು ಇದಕ್ಕೆ ಎರಡು ದಾರಿಗಳನ್ನು ಕೊಟ್ಟಿದೆ. ಪಿ.ಪಿ.ಎಫ್. ಖಾತೆಯಲ್ಲಿರುವ ಹಣವನ್ನು ಖಾತೆದಾರನ ಸಾಲಕ್ಕಾಗಿ ನ್ಯಾಯಾಲಯದ ಡಿಕ್ರಿಯಿಂದ ಜಪ್ತಿ ಮಾಡುವಂತಿಲ್ಲ. ಹಾಗೆಯೇ 1874ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯ್ದೆಯ ಅನ್ವಯ ಪತ್ನಿ ಮತ್ತು ಮಕ್ಕಳ ಹಿತಕ್ಕಾಗಿ ಪತಿ ತನ್ನ ಮೇಲೆ ಪಡೆದ ಜೀವವಿಮಾ ಪಾಲಿಸಿ ಒಂದು ನ್ಯಾಸವಾಗಿ ಪರಿಗಣಿತವಾಗುತ್ತದೆ. ಸಾಲಗಾರರನ್ನು ವಂಚಿಸುವ ಉದ್ದೇಶದಿಂದ ಮಾಡಿದ್ದಲ್ಲವಾದರೆ ಅದರ ಹಣ ಅವರಿಗೇ ಸಲ್ಲುತ್ತದೆ. ಪಾಲಿಸಿ ಪಡೆಯುವಾಗಲೇ ಅರ್ಜಿಯಲ್ಲಿ ಇದನ್ನು ನಮೂದಿಸಬೇಕು. ಈ ಒಂದು ಸಾಲನ್ನು ತುಂಬದೆ ಬಿಡುವವರೇ ಹೆಚ್ಚು.

ಇನ್ನು ವಾಸದ ಮನೆ. ಕ್ಯಾಷ್ ಕ್ರೆಡಿಟ್ ಸಾಲಕ್ಕೆ ಮನೆಯ ಪತ್ರ ಕೊಡುವುದು ಆರಂಭದಲ್ಲಿ ಅನಿವಾರ್ಯವಾಗಬಹುದು. ಆದರೆ ಐವತ್ತೈದರ ಹೊತ್ತಿಗೆ ಸಾಲದ ಮಿತಿಯನ್ನು ಇಳಿಸಿಯಾದರೂ ಮನೆಯನ್ನು ಬಿಡಿಸಿಕೊಳ್ಳಬೇಕೆಂಬುದು ನನ್ನ ಖಚಿತ ಸಲಹೆ.

ಆಚರಣೆಗೆ ತರಬೇಕಾದದ್ದು

1. ಲಾಭದ ಪ್ರತಿ ನೂರು ರೂಪಾಯಿಯಲ್ಲಿ ಹದಿನೈದನ್ನು ಮಾಲೀಕನ ಭವಿಷ್ಯ ನಿಧಿಯೆಂದು ತೆಗೆದಿಡಿ. ವರ್ಷದ ಕೊನೆಗೆ ಉಳಿದದ್ದನ್ನಲ್ಲ, ತಿಂಗಳ ಮೊದಲ ಖರ್ಚಾಗಿ.

2. ಈ ಹಣವನ್ನು ಅಂಗಡಿಯ ಚಾಲ್ತಿ ಖಾತೆಯಿರುವ ಬ್ಯಾಂಕಿನಲ್ಲಿ ಇಡಬೇಡಿ. ಕಣ್ಣೆದುರಿನ ಹಣಕ್ಕೆ ನೂರು ದಾರಿ.

3. ಅರವತ್ತಾದ ಮೇಲೆ ಪತಿ ಪತ್ನಿ ಇಬ್ಬರ ಹೆಸರಿನಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಹಣವಿಡುವ ಗುರಿಯಿರಲಿ. ತಲಾ 30 ಲಕ್ಷದ ಮಿತಿಯಲ್ಲಿ, ಶೇ. 8.2ರ ದರದಲ್ಲಿ, ಇಬ್ಬರಿಗೂ ಸೇರಿ ತಿಂಗಳಿಗೆ 41,000 ರೂಪಾಯಿ ಆಗುತ್ತದೆ. ಈ ಬಡ್ಡಿ ತೆರಿಗೆಗೆ ಒಳಪಡುತ್ತದೆ ಎಂಬುದು ನೆನಪಿರಲಿ.

4. ಆರೋಗ್ಯ ವಿಮೆಯನ್ನು ಐವತ್ತಕ್ಕೆ ಮುಂಚೆಯೇ ಪಡೆಯಿರಿ. ವೈಯಕ್ತಿಕ ಆರೋಗ್ಯ ಮತ್ತು ಜೀವ ವಿಮೆಯ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ರದ್ದಾಗಿದೆ.

5. ಎಲ್ಲ ಖಾತೆಗಳಿಗೂ ನಾಮನಿರ್ದೇಶನ ಮಾಡಿ, ಉಯಿಲನ್ನೂ ಬರೆಯಿರಿ. ನಾಮನಿರ್ದೇಶಿತರು ಹಣ ಪಡೆಯುವವರೇ ಹೊರತು ಅಷ್ಟರಿಂದಲೇ ಅದರ ಒಡೆಯರಾಗುವುದಿಲ್ಲ.

6. ಅಂಗಡಿ ಮುಂದುವರಿಸುವವರು ಮನೆಯಲ್ಲಿಲ್ಲವೆಂದು ಖಚಿತವಾದರೆ, ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಹಂತ ಹಂತವಾಗಿ ದಾಸ್ತಾನು ಇಳಿಸಿ, ಬಾಕಿ ವಸೂಲು ಮಾಡಿ, ಸಾಧ್ಯವಾದರೆ ನಂಬಿಕೆಯ ಸಹಾಯಕನಿಗೋ ಕಿರಿಯ ವ್ಯಾಪಾರಿಗೋ ವಹಿಸಿಕೊಡಿ. ನಡೆಯುವ ಅಂಗಡಿಗೆ ಬೆಲೆಯುಂಟು.

ಕೊನೆಯ ಮಾತು

ವ್ಯಾಪಾರಕ್ಕೆ ಹಣ ಬೇಡವೆಂದಾಗಲಿ, ಅಂಗಡಿಯನ್ನು ನಂಬಬಾರದೆಂದಾಗಲಿ ನಾನು ಹೇಳುತ್ತಿಲ್ಲ. ಅಂಗಡಿ ನಮ್ಮನ್ನು ಸಾಕಿದೆ, ಮಕ್ಕಳನ್ನು ಓದಿಸಿದೆ. ಆದರೆ ನಮಗೆ ದುಡಿಯುವ ಶಕ್ತಿ ಇರುವವರೆಗೆ ಮಾತ್ರ ಅದು ನಮ್ಮನ್ನು ಸಾಕುತ್ತದೆ. ಶಕ್ತಿ ಉಡುಗಿದ ದಿನ ಅದಕ್ಕೂ ಆಸರೆ ಬೇಕಾಗುತ್ತದೆ. ಆ ದಿನಕ್ಕಾಗಿ ಅಂಗಡಿಯ ಹೊರಗೆ ಒಂದು ಗಂಟು ಇರಲೇಬೇಕು.

ಮೇಲೆ ಹೇಳಿದ ಹಿರಿಯ ವ್ಯಾಪಾರಿಗಳು ಈಗಲೂ ಆಗಾಗ ನನ್ನ ಕಚೇರಿಗೆ ಬರುತ್ತಾರೆ. ಕಳೆದ ಬಾರಿ ಬಂದಾಗ, ‘ಅಂದು ನೀವು ಇನ್ನೂ ಸ್ವಲ್ಪ ಜೋರು ಮಾಡಿ ಹೆಚ್ಚು ಕಟ್ಟಿಸಬೇಕಿತ್ತು’ ಎಂದರು. ಅವರ ಧರ್ಮಪತ್ನಿಯವರ ಒಡವೆಯನ್ನು ನೆನೆದು ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತನ್ನೇ ಇಂದು ಸದಸ್ಯ ಮಿತ್ರರ ಮುಂದಿಡುತ್ತಿದ್ದೇನೆ. ಬರುವ ತಿಂಗಳ 15ನೇ ತಾರೀಖು, ಕೆಲಸಗಾರರ ಭವಿಷ್ಯ ನಿಧಿಯ ಹಣ ಕಟ್ಟುವ ದಿನ, ತಮ್ಮ ಹೆಸರಿನಲ್ಲೂ ಒಂದು ಕಂತು ಕಟ್ಟಿ. ಮೊತ್ತ ಚಿಕ್ಕದಾದರೂ ಆಗಲಿ, ಆ ತಾರೀಖು ಮಾತ್ರ ತಪ್ಪದಿರಲಿ.